ಏಪ್ರಿಲ್-ಮೇ ನೀರು ಯಾರಿಗೆ ಎಷ್ಟು ಅಂತ ಡಿಸೆಂಬರಿನಲ್ಲೇ ಹೇಳಲಿಕ್ಕೆ ಆಗುವುದಿಲ್ವಾ?

ಮಲ್ಪೆ ಬಂದರು (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಉಂಟು, ಪುರುಸೊತ್ತಲ್ಲಿ ಓದಿ.

ನಮ್ಮ ದಕ್ಷಿಣ ಕನ್ನಡ, ಉಡುಪಿ ಎರಡು ಜಿಲ್ಲೆಗಳಲ್ಲಿ ವರ್ಷಕ್ಕೆ ಮೂರೂವರೆ-ನಾಲ್ಕು ಸಾವಿರ ಮಿಲಿಮೀಟರ್ ಮಳೆ ಬೀಳುತ್ತದೆ. ಕರೆಂಟಿನ ವಿಷಯಕ್ಕೆ ಬಂದರೆ ಎಲ್ಲೂರಿನಲ್ಲಿ 1200 ಮೆಗಾವಾಟಿನ ಕಲ್ಲಿದ್ದಲು ಸ್ಥಾವರ, ಹೊಸಂಗಡಿಯಲ್ಲಿ 460 ಮೆಗಾವಾಟಿನ ವಾರಾಹಿ. ಆದರೂ ಏಪ್ರಿಲ್ ಬಂತು ಅಂದರೆ ನಮಗೆ ಎರಡರದ್ದೂ ಚಿಂತೆ. 2019 ನೆನಪು ಮಾಡಿಕೊಳ್ಳಿ. ನೇತ್ರಾವತಿ ಒಣಗಿ, ಧರ್ಮಸ್ಥಳಕ್ಕೆ ಬರುವುದನ್ನು ಸ್ವಲ್ಪ ದಿನ ಮುಂದೂಡಿ ಅಂತ ಹೆಗ್ಗಡೆಯವರೇ ಭಕ್ತರಿಗೆ ಹೇಳಬೇಕಾಯಿತು. ಮಂಗಳೂರಿನ ತೈಲ ಶುದ್ಧೀಕರಣ ಕಂಪನಿ ಎಂಆರ್‌ಪಿಎಲ್ ನೀರಿಲ್ಲದೆ ಕೆಲವು ಘಟಕ ನಿಲ್ಲಿಸಿತು. ಉಡುಪಿಯಲ್ಲಿ ಸ್ವರ್ಣಾ ನದಿಯ ಬಜೆ ಅಣೆಕಟ್ಟಿನ ತಳ ಕಂಡಿತ್ತು, ಮನೆ ಮನೆಗೆ ಟ್ಯಾಂಕರ್.

ನಮ್ಮ ಮನೆಯವರದ್ದು ಮಂಜುಗಡ್ಡೆ ಪ್ಲಾಂಟ್. ಕ್ಯಾನುಗಳಿಗೆ ನೀರು ತುಂಬಿಸಿ ಉಪ್ಪುನೀರಿನ ಟ್ಯಾಂಕಿಗೆ ಇಳಿಸುತ್ತೇವೆ, ಅಮೋನಿಯಾ ಕಂಪ್ರೆಸರ್ ಹಗಲು ರಾತ್ರಿ ಓಡಬೇಕು. ನಡುವೆ ಎರಡು ಗಂಟೆ ಕರೆಂಟ್ ಹೋದರೆ ಗಡ್ಡೆಯ ನಡುವಿನಲ್ಲಿ ನೀರು ಹಾಗೇ ಉಳಿಯುತ್ತದೆ. ಅಂಥ ಗಡ್ಡೆಯನ್ನು ಬೋಟಿನವರು ತೆಗೆದುಕೊಳ್ಳುವುದಿಲ್ಲ. ಕಡಲ ಬದಿಯ ಬೋರ್‌ವೆಲ್ ಮಾರ್ಚ್ ಕಳೆದರೆ ಉಪ್ಪು, ಆ ನೀರಿನ ಗಡ್ಡೆ ಗಟ್ಟಿಯಾಗುವುದೂ ಇಲ್ಲ, ಬೇಗ ಕರಗುತ್ತದೆ. ಒಳನಾಡಿನಿಂದ ಟ್ಯಾಂಕರ್ ತರಿಸಬೇಕು. ಮೇ ತಿಂಗಳಿನಲ್ಲಿ ಟ್ಯಾಂಕರಿನವರು ಹೇಳಿದ್ದೇ ರೇಟು.

ಉದ್ಯಮಕ್ಕೆ ಅಗ್ಗದ ನೀರು, ಅಗ್ಗದ ಕರೆಂಟ್ ಕೊಡಿ, ಇಲ್ಲದಿದ್ದರೆ ಬೇರೆ ರಾಜ್ಯಕ್ಕೆ ಹೋಗುತ್ತಾರೆ ಅಂತ ಎಲ್ಲ ಕಡೆ ಮಾತು ಕೇಳುತ್ತೇವೆ. ನನಗೆ ಅಗ್ಗಕ್ಕಿಂತ ಮೊದಲು ಬೇಕಾದ್ದು ಖಾತ್ರಿ. ಡಿಸೆಂಬರಿನಲ್ಲೇ ಹೊಳೆ ನೋಡಿ ಹೇಳಿ: ನೀರು ಇಷ್ಟು ಮೀಟರಿಗೆ ಇಳಿದರೆ ಮೊದಲು ಇವರಿಗೆ ಬಂದ್, ಅದಕ್ಕಿಂತ ಇಳಿದರೆ ಅವರಿಗೆ. ಹೀಗೆ ಬರೆದು ಹಾಕಿದರೆ ನಾವು ಟ್ಯಾಂಕ್ ಕಟ್ಟಿಸಿಕೊಳ್ಳುತ್ತೇವೆ, ಆರ್ಡರ್ ಕಮ್ಮಿ ಹಿಡಿಯುತ್ತೇವೆ, ಏನೋ ಒಂದು ದಾರಿ ಮಾಡುತ್ತೇವೆ. ಈಗ ಎಲ್ಲವೂ ಕೊನೆಯ ವಾರದಲ್ಲಿ ಮೀಟಿಂಗ್ ಮಾಡಿ ತೀರ್ಮಾನ. ನಿಮಗೆಲ್ಲ ಏನನಿಸುತ್ತದೆ?

ಬೈಕಂಪಾಡಿ ವರ್ಕ್‌ಶಾಪ್

ನೂರಕ್ಕೆ ನೂರು ಸರಿ. ನಾನು ಬಿಡಿಭಾಗ ಮಾಡುವವ, ನೀರು ಅಷ್ಟು ಬೇಡ, ಕರೆಂಟ್ ಬೇಕು. ಯೂನಿಟಿಗೆ ಐವತ್ತು ಪೈಸೆ ಕಮ್ಮಿ ಆದರೆ ಖುಷಿಯೇ. ಆದರೆ ಲೇತ್ ಓಡುತ್ತಿರುವಾಗ ಫಕ್ಕನೆ ಕರೆಂಟ್ ಹೋದರೆ ಕೈಯಲ್ಲಿರುವ ಪೀಸ್ ಹಾಳು, ಟೂಲ್ ಹಾಳು, ಜನ ಸುಮ್ನೆ ಕೂತಿರುತ್ತಾರೆ, ಸಂಬಳ ಕೊಡಲೇಬೇಕು. ಆ ನಷ್ಟದ ಎದುರು ಐವತ್ತು ಪೈಸೆ ಲೆಕ್ಕಕ್ಕೇ ಬರುವುದಿಲ್ಲ. ಪುಣೆಯ ಪಾರ್ಟಿಗೆ ಹೇಳಿದ ತಾರೀಕಿಗೆ ಮಾಲು ಹೋಗದಿದ್ದರೆ ಮುಂದಿನ ಆರ್ಡರ್ ಅವರು ಕೊಯಮತ್ತೂರಿಗೆ ಕೊಡುತ್ತಾರೆ. ರೇಟ್ ಎಷ್ಟು ಅಂತ ಆಮೇಲೆ ಕೇಳುತ್ತಾರೆ, ಮೊದಲು ಕೇಳುವುದು ತಾರೀಕು.

ಪಾಣೆಮಂಗಳೂರು ತೋಟ

ಉದ್ಯಮದವರು ಮಾತಾಡಿ ಆಯ್ತಲ್ಲ, ಇನ್ನು ತೋಟದವರದ್ದೂ ಕೇಳಿ.

ನೀವು ಕೇಳುವ ನಿಯಮ ಬರೆಯದೆಯೇ ಜಾರಿಯಲ್ಲಿ ಉಂಟು. ನೀರು ಕಮ್ಮಿಯಾದರೆ ಮೊದಲ ಬಂದ್ ಹೊಳೆ ಬದಿಯ ತೋಟದ ಪಂಪಿಗೆ. ಮಂಗಳೂರಿಗೆ ನೀರು ಕೊಡುವ ನೇತ್ರಾವತಿಯ ತುಂಬೆ ಅಣೆಕಟ್ಟಿನಲ್ಲಿ ನೀರು ಇಳಿಯಿತು ಅಂತ ಒಂದು ಬೇಸಿಗೆಯಲ್ಲಿ ನಮ್ಮ ಕಡೆ ಪಂಪಿನ ಲೈನೇ ನಿಲ್ಲಿಸಿದರು. ಮುಂಚಿತವಾಗಿ ಒಂದು ಮಾತಿಲ್ಲ. ಅಡಿಕೆ ಮರಕ್ಕೆ ಏಪ್ರಿಲ್-ಮೇಯಲ್ಲಿ ನೀರು ತಪ್ಪಿದರೆ ಆ ವರ್ಷದ ಎಳೆ ಕಾಯಿ ಉದುರುತ್ತದೆ, ಸೋಗೆ ಜೋತು ಬೀಳುತ್ತದೆ. ಜಾಸ್ತಿ ಒಣಗಿದ ಮರ ಮತ್ತೆ ಸುಧಾರಿಸಲಿಕ್ಕೆ ಎರಡು ಮೂರು ವರ್ಷ ಬೇಕು. ಕಾರ್ಖಾನೆಗೆ ಹದಿನೈದು ದಿನ ಬೀಗ ಹಾಕಿದರೆ ಹದಿನಾರನೇ ದಿನ ತೆರೆಯಬಹುದು. ಅಡಿಕೆ ಮರಕ್ಕೆ ಆ ಸ್ವಿಚ್ ಇಲ್ಲ ಮಾರಾಯ್ರೆ.

10 ಎಚ್‌ಪಿವರೆಗೆ ಪಂಪಿಗೆ ಕರೆಂಟ್ ಪುಕ್ಕಟೆ, ಮತ್ತೇನು ಬೇಕು ಅಂತ ಕೆಲವರು ಕೇಳುತ್ತಾರೆ. ಪುಕ್ಕಟೆ ಕೊಟ್ಟು ಬೇಕಾದ ದಿನ ನಿಲ್ಲಿಸುವುದಕ್ಕಿಂತ, ನಾಲ್ಕು ದುಡ್ಡು ತೆಗೆದುಕೊಂಡು ಹೇಳಿದ ಹೊತ್ತಿಗೆ ಕೊಡಲಿ.

ಕದ್ರಿ ಫ್ಲಾಟ್

ಕುಡಿಯುವ ನೀರು ಮೊದಲು. ಅದರ ನಂತರ ಉಳಿದದ್ದು. ಇದರಲ್ಲಿ ಚರ್ಚೆ ಮಾಡಲಿಕ್ಕೆ ಎಂತ ಉಂಟು?

ಪಾಣೆಮಂಗಳೂರು ತೋಟ

ಕುಡಿಯುವ ನೀರಿಗೆ ಯಾರೂ ಬೇಡ ಅನ್ನಲಿಲ್ಲ. ಆದರೆ ನಗರಕ್ಕೆ ಹೋಗುವ ನೀರೆಲ್ಲ ಕುಡಿಯಲಿಕ್ಕೆ ಅಂತ ಹೇಳಬೇಡಿ. ಅದರಲ್ಲಿ ಕಾರು ತೊಳೆಯುವ ನೀರು ಉಂಟು, ಕಟ್ಟಡ ಕಟ್ಟುವ ನೀರು ಉಂಟು, ಒಡೆದ ಪೈಪಿನಿಂದ ಚರಂಡಿಗೆ ಹೋಗುವ ನೀರೂ ಉಂಟು. ನಮ್ಮ ಪಂಪ್ ನಿಲ್ಲಿಸುವ ದಿನವೇ ಅದೂ ನಿಲ್ಲಬೇಕು.

ಕದ್ರಿ ಫ್ಲಾಟ್

ಅದು ಒಪ್ಪುವ ಮಾತು. ನಮ್ಮಲ್ಲಿ ಫ್ಲಾಟಿಗೊಂದು ಮೀಟರ್ ಕೂಡ ಇಲ್ಲ. ಇಡೀ ಕಟ್ಟಡಕ್ಕೆ ಒಂದು, ಬಿಲ್ಲು ಸಮ ಸಮ ಹಂಚುತ್ತಾರೆ. ಉಳಿಸಿದವರಿಗೆ ಲಾಭವೇ ಇಲ್ಲ.

ಸುರತ್ಕಲ್ ವಿದ್ಯಾರ್ಥಿ

ದೊಡ್ಡ ಕಾರ್ಖಾನೆ ಹೊಳೆ ಬಿಟ್ಟು ಕಡಲಿಗೆ ಹೋಗಬೇಕು ಅನ್ನುವುದೇ ನನ್ನ ಅಭಿಪ್ರಾಯ. ಅದು ಈಗಾಗಲೇ ಶುರುವಾಗಿದೆ. ತಣ್ಣೀರುಬಾವಿಯಲ್ಲಿ ಎಂಆರ್‌ಪಿಎಲ್ ಸಮುದ್ರದ ನೀರು ಸಿಹಿ ಮಾಡುವ ಘಟಕ ಹಾಕಿದೆ, ದಿನಕ್ಕೆ 3 ಕೋಟಿ ಲೀಟರಿನ ಸಾಮರ್ಥ್ಯ. ಕಾವೂರಿನಲ್ಲಿ ಶುದ್ಧ ಮಾಡಿದ ನಗರದ ಕೊಳಚೆ ನೀರು ವಿಶೇಷ ಆರ್ಥಿಕ ವಲಯದ (ಎಸ್‌ಇಝಡ್) ಕಾರ್ಖಾನೆಗಳಿಗೆ ಹೋಗುತ್ತದೆ.

ಖರ್ಚು ನೋಡುವ. ಈಗಿನ ತಂತ್ರಜ್ಞಾನದಲ್ಲಿ ಸಾವಿರ ಲೀಟರ್ ಸಮುದ್ರದ ನೀರು ಸಿಹಿ ಮಾಡಲಿಕ್ಕೆ ಸುಮಾರು 3ರಿಂದ 4 ಯೂನಿಟ್ ಕರೆಂಟ್ ಬೇಕು. 3 ಕೋಟಿ ಲೀಟರಿಗೆ ದಿನಕ್ಕೆ 90 ಸಾವಿರದಿಂದ 1 ಲಕ್ಷದ 20 ಸಾವಿರ ಯೂನಿಟ್. ಯೂನಿಟಿಗೆ 7 ರೂಪಾಯಿ ಹಿಡಿದರೆ ಸಾವಿರ ಲೀಟರಿಗೆ ಕರೆಂಟಿನದ್ದೇ 21ರಿಂದ 28 ರೂಪಾಯಿ. ಘಟಕ ಕಟ್ಟಿದ ಸಾಲ, ಫಿಲ್ಟರಿನ ಪೊರೆ ಬದಲಿಸುವ ಖರ್ಚು ಬೇರೆ. ಹೊಳೆ ನೀರಿಗಿಂತ ದುಬಾರಿ, ಆದರೆ ಕಚ್ಚಾ ತೈಲ ಶುದ್ಧ ಮಾಡುವ ಕಂಪನಿಗೆ ಒಂದು ವಾರ ಬಾಗಿಲು ಹಾಕಿದ ನಷ್ಟದ ಎದುರು ಇದು ಸಣ್ಣದು. ಹಾಗಾಗಿ ದೊಡ್ಡವರಿಗೆ ಬೇಸಿಗೆಯಲ್ಲಿ ಹೊಳೆ ನೀರಿನ ದರವನ್ನು ಕಡಲ ನೀರಿನ ಖರ್ಚಿಗೆ ಸಮ ಮಾಡಿದರೆ ಅವರೇ ಹೊಳೆ ಬಿಡುತ್ತಾರೆ, ಯಾರೂ ಓಡಿಸಬೇಕಾಗಿಲ್ಲ.

ಶಿರ್ವ ಅಕ್ಕ

ಲೆಕ್ಕ ಚೆನ್ನಾಗಿ ಹಾಕಿದ್ದೀಯ ತಮ್ಮ. ಆದರೆ ಆ ಲಕ್ಷ ಯೂನಿಟ್ ಎಲ್ಲಿಂದ ಬರುತ್ತದೆ? ನೀರಿನ ಕಷ್ಟ ಕಳೆಯಲಿಕ್ಕೆ ಕರೆಂಟ್, ಕರೆಂಟಿಗೆ ಕಲ್ಲಿದ್ದಲು, ಕಲ್ಲಿದ್ದಲಿಗೆ ನಮ್ಮ ಊರು. ನಂದಿಕೂರು-ಎಲ್ಲೂರಿನ ಜಾಗಕ್ಕೆ 1990ರ ದಶಕದಲ್ಲಿ ಅಮೆರಿಕದ ಕೊಜೆಂಟ್ರಿಕ್ಸ್ ಕಂಪನಿಯ ಕಲ್ಲಿದ್ದಲು ಸ್ಥಾವರ ಬರುವುದಿತ್ತು, ಎಷ್ಟು ಹೋರಾಟ ಆಯಿತು, ಅದು 1999ರಲ್ಲಿ ಕೈಬಿಟ್ಟು ಹೋಯಿತು. ಕೊನೆಗೆ ಬೇರೆ ಹೆಸರಿನಲ್ಲಿ ಸ್ಥಾವರ ಬಂದೇ ಬಂತು. ಪರಿಸರ ಹಾನಿಗೆ 52 ಕೋಟಿ ರೂಪಾಯಿ ಪರಿಹಾರ ಕಟ್ಟಬೇಕು ಅಂತ ಹಸಿರು ನ್ಯಾಯಮಂಡಳಿ 2022ರಲ್ಲಿ ಆದೇಶ ಕೊಟ್ಟಿತ್ತು. ರಾಜ್ಯಕ್ಕೆ ಸ್ಪರ್ಧೆಯಲ್ಲಿ ಮುಂದೆ ಹೋಗಲಿಕ್ಕೆ ಕರೆಂಟ್ ಬೇಕು, ಸರಿ. ಮಲ್ಲಿಗೆ ಗಿಡದ ಮೇಲೆ ಬೂದಿ ಕೂತರೆ ಆ ಹೂವಿಗೆ ಮಲ್ಲಿಗೆ ಮಾರುವ ಕಟ್ಟೆಯಲ್ಲಿ ರೇಟ್ ಸಿಗುವುದಿಲ್ಲ. ಆ ನಷ್ಟ ಯಾರ ಯೂನಿಟಿನ ದರದಲ್ಲೂ ಸೇರಿಲ್ಲ. ನೀವು ಅಗ್ಗ ಅನ್ನುವುದು ಅಗ್ಗ ಅಲ್ಲ, ಖರ್ಚು ಬೇರೆ ಮನೆಯವರು ಕೊಡುತ್ತಿದ್ದಾರೆ ಅಷ್ಟೆ.

ಉಳ್ಳಾಲ ಬೋಟು

ಕಡಲು ಅಂದರೆ ಯಾರದ್ದೂ ಅಲ್ಲದ ಜಾಗ ಅಂತ ಎಲ್ಲರೂ ತಿಳಿದುಕೊಂಡ ಹಾಗೆ ಕಾಣುತ್ತದೆ. ಸಿಹಿ ನೀರು ತೆಗೆದು ಉಳಿದ ಗಟ್ಟಿ ಉಪ್ಪು ನೀರನ್ನು ಮತ್ತೆ ಕಡಲಿಗೇ ಬಿಡುತ್ತಾರಲ್ಲ, ದಡದ ಹತ್ತಿರ ಬಿಟ್ಟರೆ ನಾಡದೋಣಿಯವರ ಮೀನು ದೂರ ಹೋಗುತ್ತದೆ. ದೊಡ್ಡ ಬೋಟಿನವರು ಆಳಕ್ಕೆ ಹೋಗಬಹುದು, ಸಣ್ಣವರು ಎಲ್ಲಿಗೆ ಹೋಗಬೇಕು?

ಸುರತ್ಕಲ್ ವಿದ್ಯಾರ್ಥಿ

ಅಣ್ಣ, ನಿಮ್ಮ ಪ್ರಶ್ನೆ ಸರಿಯಾದದ್ದೇ. ಅದಕ್ಕೆ ಪೈಪ್ ದೂರ ಒಯ್ದು, ತುದಿಯಲ್ಲಿ ಹಲವು ಕಂಡಿ ಇಟ್ಟು ಬೇಗ ಬೆರೆಯುವ ಹಾಗೆ ಬಿಡುತ್ತಾರೆ. ನೀರಿನ ಉಪ್ಪು ಎಷ್ಟು ಅಂತ ಪ್ರತಿ ವಾರ ಅಳೆದು ಬಂದರಿನಲ್ಲಿ ಬೋರ್ಡ್ ಹಾಕಬೇಕು ಅಂತ ಮೀನುಗಾರರ ಸಂಘದವರು ಕೇಳಬಹುದು. ಶಿರ್ವ ಅಕ್ಕನ ಮಾತಿಗೂ ಒಂದು ಉತ್ತರ ಉಂಟು. ಏಪ್ರಿಲ್-ಮೇಯಲ್ಲಿ ನಮ್ಮಲ್ಲಿ ಬಿಸಿಲಿಗೆ ಬರ ಇಲ್ಲ. ಕಡಲ ನೀರಿನ ಘಟಕ ಜಾಸ್ತಿ ಓಡಬೇಕಾದ್ದೂ ಅದೇ ದಿನಗಳಲ್ಲಿ. ಹಗಲು ಸೋಲಾರಿನಲ್ಲಿ ಓಡಿಸಿ ನೀರು ಟ್ಯಾಂಕಿನಲ್ಲಿ ತುಂಬಿಸಿ ಇಡಬಹುದು. ಕರೆಂಟ್ ಕೂಡಿಡುವುದಕ್ಕಿಂತ ನೀರು ಕೂಡಿಡುವುದು ಸುಲಭ.

ಶಿರ್ವ ಅಕ್ಕ

ಹಾಗೆ ಮಾಡುವುದಾದರೆ ನನ್ನ ವಿರೋಧ ಇಲ್ಲ. ಆದರೆ ಮೊದಲು ಸೋಲಾರ್, ಆಮೇಲೆ ಘಟಕ. ಹಿಂದು ಮುಂದಾಗಬಾರದು.

ನಿವೃತ್ತ ಲೈನ್‌ಮ್ಯಾನ್

ಮಲ್ಪೆಯವರೇ, ನಿಮ್ಮ ಬಿಲ್ಲಿನ ವಿಷಯಕ್ಕೆ ಬರುತ್ತೇನೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧ. ಬೋಟಿಲ್ಲ, ನಿಮಗೂ ಕೆಲಸವಿಲ್ಲ. ಆದರೆ ಡಿಮ್ಯಾಂಡ್ ಚಾರ್ಜ್ ನಿಲ್ಲುವುದಿಲ್ಲ, ಯಾಕೆಂದರೆ ಅದು ಓಡಿದ ಯೂನಿಟಿಗೆ ಅಲ್ಲ, ನಿಮಗೆ ಅಂತ ತೆಗೆದಿಟ್ಟ ಲೋಡಿಗೆ. ಇದಕ್ಕೆ ಸೀಸನಲ್ ಇಂಡಸ್ಟ್ರಿ ಅಂತ ರಿಯಾಯಿತಿ ಉಂಟು, ಸೀಸನ್ ಇಲ್ಲದ ತಿಂಗಳಿಗೆ ಕಮ್ಮಿ ಹಾಕುತ್ತಾರೆ. ಆದರೆ ಮೊದಲೇ ಬರೆದು ಕೊಡಬೇಕು. ಬಿಲ್ಲು ಬಂದ ಮೇಲೆ ಹೋದರೆ ಆಗುವುದಿಲ್ಲ. ಎಷ್ಟೋ ಜನ ಗೊತ್ತಿಲ್ಲದೆ ಪೂರ್ತಿ ಕಟ್ಟುತ್ತಾರೆ.

ಇನ್ನೊಂದು. ಸ್ಪರ್ಧೆ ಅಂತ ಮಾತಾಡುವಾಗ ಎಲ್ಲರೂ ಯೂನಿಟಿನ ದರ ಮಾತ್ರ ನೋಡುತ್ತಾರೆ. 2025ರ ಏಪ್ರಿಲಿನಿಂದ ನೌಕರರ ಪಿಂಚಣಿ-ಗ್ರಾಚ್ಯುಟಿ ಬಾಬ್ತು ಯೂನಿಟಿಗೆ 36 ಪೈಸೆ ಬಳಕೆದಾರರ ಮೇಲೆ ಬಂತು. ಅದರ ಜೊತೆ ಇಂಧನ ಹೊಂದಾಣಿಕೆ ಶುಲ್ಕ, ತೆರಿಗೆ. ಹಾಗಾಗಿ ಬಿಲ್ಲಿನ ಕೊನೆಯ ಮೊತ್ತವನ್ನು ಯೂನಿಟಿನಿಂದ ಭಾಗಿಸಿ ನೋಡಿ, ಅದೇ ನಿಮ್ಮ ನಿಜವಾದ ದರ.

ಬೈಕಂಪಾಡಿ ವರ್ಕ್‌ಶಾಪ್

ಪಿಂಚಣಿ ಕೊಡಬೇಕು, ಅದರಲ್ಲಿ ಎರಡು ಮಾತಿಲ್ಲ. ಅದನ್ನು ನಮ್ಮ ಯೂನಿಟಿಗೆ ಸೇರಿಸುವುದು ಯಾಕೆ ಅಂತ ನನ್ನ ಪ್ರಶ್ನೆ. ನಾನು ಮಾಡುವ ಬೋಲ್ಟಿನ ದರದಲ್ಲಿ ಅದೂ ಸೇರುತ್ತದೆ, ತಮಿಳುನಾಡಿನವರು ಮಾಡುವ ಬೋಲ್ಟಿನಲ್ಲಿ ನಮ್ಮ ಈ ಬಾಬ್ತು ಇಲ್ಲ.

ನಿವೃತ್ತ ಲೈನ್‌ಮ್ಯಾನ್

ಅಲ್ಲಿ ಬೇರೆ ಬಾಬ್ತು ಇರುತ್ತದೆ ಮಾರಾಯ. ಪುಕ್ಕಟೆ ಕರೆಂಟ್ ಅಲ್ಲೂ ಕೊಡುತ್ತಾರಲ್ಲ? ಮಳೆಗಾಲದಲ್ಲಿ ಎದೆಮಟ್ಟ ನೀರಿನಲ್ಲಿ ನಿಂತು ಮರ ಕಡಿದು ಲೈನ್ ಎಳೆದವರ ಪಿಂಚಣಿ ಅದು. ಯಾರಾದರೂ ಕೊಡಲೇಬೇಕು.

ಕಾರ್ಕಳ ಗೇರುಬೀಜ

ನಮ್ಮ ಕಷ್ಟ ಬೇರೆ. ಕಚ್ಚಾ ಗೇರುಬೀಜ ಆಫ್ರಿಕಾದಿಂದ ಬರುತ್ತದೆ, ಎದುರಾಳಿ ವಿಯೆಟ್ನಾಂ. ಬೀಜ ಬೇಯಿಸುವ ಹಬೆಗೆ ಸಿಪ್ಪೆಯನ್ನೇ ಉರಿಸುತ್ತೇವೆ, ಹಾಗಾಗಿ ಇಂಧನ ಅಷ್ಟು ಭಾರ ಇಲ್ಲ. ಆದರೆ ಈಗ ಸುಲಿಯುವುದು, ಬಣ್ಣ ನೋಡಿ ಬೇರೆ ಮಾಡುವುದು ಎಲ್ಲ ಮೆಷಿನ್. ವೋಲ್ಟೇಜ್ ಏರಿಳಿದರೆ ತುಂಡು ಜಾಸ್ತಿ ಆಗುತ್ತದೆ. ಇಡಿ ಬೀಜಕ್ಕೂ ತುಂಡಿಗೂ ದರದಲ್ಲಿ ಎಷ್ಟು ಅಂತರ ಅಂತ ಅಂಗಡಿಯಲ್ಲಿ ಕೇಳಿ ನೋಡಿ.

ಮತ್ತೆ ಇನ್ನಾ ಕಡೆಯ ಜನ ಉಡುಪಿ-ಕಾಸರಗೋಡು 400 ಕೆವಿ ಲೈನಿಗೆ ವಿರೋಧ ಮಾಡುತ್ತಿದ್ದಾರಲ್ಲ, ಅದಕ್ಕೆ ಅಭಿವೃದ್ಧಿ ವಿರೋಧಿಗಳು ಅಂತ ಬೈಯಬೇಡಿ. ಲೈನಿನ ಅಡಿಯಲ್ಲಿ ತೆಂಗು ಅಡಿಕೆ ಬೆಳೆಯಲಿಕ್ಕೆ ಆಗುವುದಿಲ್ಲ. ಒಂದು ಸಲ ಪರಿಹಾರ ಕೊಟ್ಟು ಶಾಶ್ವತವಾಗಿ ಜಾಗ ಕಟ್ಟಿ ಹಾಕುವುದು ಯಾವ ನ್ಯಾಯ? ವರ್ಷ ವರ್ಷ ಬಾಡಿಗೆ ಕೊಡಲಿ.

ಕುಂದಾಪ್ರ ವಾರಾಹಿ

ಯಾರೂ ಹೇಳದ ಒಂದು ವಿಷಯ. ಸ್ವರ್ಣಾ, ನೇತ್ರಾವತಿ ಒಣಗುವ ಮೇಯಲ್ಲೂ ನಮ್ಮ ವಾರಾಹಿಯಲ್ಲಿ ನೀರು ಇರುತ್ತದೆ. ಕಾರಣ ಘಟ್ಟದ ಮೇಲೆ ಮಾಣಿ ಅಣೆಕಟ್ಟಿನಲ್ಲಿ ಮಳೆಗಾಲದ ನೀರು ಕೂಡಿಟ್ಟು, ಕರೆಂಟ್ ಬೇಕಾದಾಗ ಹೊಸಂಗಡಿಯಲ್ಲಿ ಟರ್ಬೈನ್ ತಿರುಗಿಸಿ ಕೆಳಗೆ ಬಿಡುತ್ತಾರೆ. ಆ ಬಿಟ್ಟ ನೀರೇ ವಾರಾಹಿ ನೀರಾವರಿಗೆ ಆಧಾರ. ಉಡುಪಿ ನಗರಕ್ಕೆ ಕುಡಿಯುವ ನೀರಿನ ಯೋಜನೆ ಮಾಡಿದ್ದೂ ಅದನ್ನು ನಂಬಿಯೇ. ಅಂದರೆ ಬೆಂಗಳೂರಿನಲ್ಲಿ ಸಂಜೆ ಫ್ಯಾನ್ ಹಾಕುವಾಗ ನಮ್ಮ ಹೊಳೆಗೆ ನೀರು ಬರುತ್ತದೆ!

ಆದರೆ ಯಾವಾಗ ಎಷ್ಟು ಬಿಡಬೇಕು ಅಂತ ತೀರ್ಮಾನ ಮಾಡುವುದು ಕರೆಂಟಿನ ಲೆಕ್ಕದಲ್ಲಿ, ನೀರಿನ ಲೆಕ್ಕದಲ್ಲಿ ಅಲ್ಲ. ಹಗಲು ಸೋಲಾರ್ ಜಾಸ್ತಿ ಆದ ಹಾಗೆ ಜಲವಿದ್ಯುತ್ತನ್ನು ಸಂಜೆಗೆ ಉಳಿಸುತ್ತಾರೆ. ನೀರಾವರಿಯವರು, ನಗರದವರು, ಕರೆಂಟಿನವರು ಒಂದೇ ಮೇಜಿನಲ್ಲಿ ಕೂತು ಬೇಸಿಗೆಯ ವೇಳಾಪಟ್ಟಿ ಮಾಡಿದರೆ ಹೊಸ ಅಣೆಕಟ್ಟು ಕಟ್ಟದೆಯೇ ನೀರು ಸಿಗುತ್ತದೆ.

ಪಾಣೆಮಂಗಳೂರು ತೋಟ

ಇರುವ ನೀರು ಘಟ್ಟದ ಮೇಲೆ ಎತ್ತಿ ಆಚೆ ಕಳಿಸುತ್ತಿದ್ದಾರಲ್ಲ, ಅದನ್ನು ಯಾಕೆ ಯಾರೂ ಮಾತಾಡುವುದಿಲ್ಲ? ಎತ್ತಿನಹೊಳೆ 24 ಟಿಎಂಸಿ. ನೇತ್ರಾವತಿಯ ಮೇ ತಿಂಗಳ ನೀರು ಅಲ್ಲಿಗೇ ಹೋಯಿತು.

ಕುದ್ರೋಳಿ ಹುಡುಗ

ತೋಟದವರೇ, ಮೇ ತಿಂಗಳ ನೀರು ಅಲ್ಲ. ಮಳೆಗಾಲದ ಹೆಚ್ಚಿನ ನೀರನ್ನು ಜೂನಿನಿಂದ ನವೆಂಬರಿನವರೆಗೆ ಎತ್ತುವ ಯೋಜನೆ ಅದು. ಮೊದಲ ಹಂತ ಉದ್ಘಾಟನೆ ಆದದ್ದೇ 2024ರ ಸೆಪ್ಟೆಂಬರಿನಲ್ಲಿ, 2019ರಲ್ಲಿ ಹೊಳೆ ಒಣಗುವಾಗ ಅದು ಓಡುತ್ತಲೇ ಇರಲಿಲ್ಲ. ಕೋಲಾರ, ಚಿಕ್ಕಬಳ್ಳಾಪುರದವರಿಗೆ ಕುಡಿಯಲಿಕ್ಕೆ ನೀರಿಲ್ಲ ಅನ್ನುವುದೂ ಸುಳ್ಳಲ್ಲ.

ಪಾಣೆಮಂಗಳೂರು ತೋಟ

ಅಕ್ಟೋಬರ್-ನವೆಂಬರಿನಲ್ಲಿ ಘಟ್ಟದ ತೊರೆಯಲ್ಲಿ ಹರಿಯುವ ನೀರೇ ಕೆಳಗೆ ಹೊಳೆಗೆ ಅಡ್ಡ ಹಾಕಿದ ನಮ್ಮ ಕಟ್ಟ ತುಂಬಿಸುವುದು. ಅಷ್ಟು ನೀರನ್ನು ಅಷ್ಟು ಎತ್ತರಕ್ಕೆ ಎತ್ತುವ ಕರೆಂಟಿನ ಖರ್ಚು ಯಾರು ಕೊಡುತ್ತಾರೆ, ಎಷ್ಟು ವರ್ಷ ಕೊಡುತ್ತಾರೆ? ಕೋಲಾರದವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಕೆರೆಯ ಹೂಳು ತೆಗೆದಿದ್ದರೆ ಅಲ್ಲಿಯ ಮಳೆಯೇ ಬೇಕಾದಷ್ಟು ಆಗುತ್ತಿತ್ತು.

ಉಳ್ಳಾಲ ಬೋಟು

ಎತ್ತಿನಹೊಳೆ ಶುರುವಾದರೆ ಚರ್ಚೆ ಮುಗಿಯುವುದಿಲ್ಲ. ಅದಕ್ಕೊಂದು ಬೇರೆ ಚರ್ಚೆ ಶುರು ಮಾಡುವ. ಅಂದ ಹಾಗೆ ಮಲ್ಪೆಯವರೇ, ಇವತ್ತು ಬಂಗುಡೆ ಹೇಗೆ?

ಮಲ್ಪೆ ಬಂದರು

ಬಂಗುಡೆ ಕಮ್ಮಿ, ಬೂತಾಯಿ ಸ್ವಲ್ಪ ಉಂಟು. ಮಾತು ನೀರಿನದ್ದೇ ಇರಲಿ.

ಅಡ್ಯನಡ್ಕ ಕಡೆಯವ

ತಡವಾಗಿ ಬಂದೆ. ಎಲ್ಲರೂ ದೊಡ್ಡ ದೊಡ್ಡದೇ ಹೇಳುತ್ತಿದ್ದೀರಿ. ನಮ್ಮೂರಿನ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಗುಡ್ಡಕ್ಕೆ ಸುರಂಗ ಕೊರೆದು ನೀರು ತಂದು ತೋಟ ಮಾಡಿದರು, 2022ರಲ್ಲಿ ಪದ್ಮಶ್ರೀ ಬಂತು. ಸುರಂಗದ ನೀರಿಗೆ ಪಂಪ್ ಬೇಡ, ಕರೆಂಟ್ ಬೇಡ, ಇಳಿಜಾರಿನಲ್ಲಿ ತಾನೇ ಬರುತ್ತದೆ.

ಎಲ್ಲ ಕಡೆ ಸುರಂಗ ಆಗುವುದಿಲ್ಲ, ಗೊತ್ತುಂಟು. ಆದರೆ ಕಿಂಡಿಗೆ ಹಲಗೆ ಹಾಕಿ ಹೊಳೆ ನೀರು ನಿಲ್ಲಿಸುವ ಕಿಂಡಿ ಅಣೆಕಟ್ಟು ಆಗುತ್ತದೆ. ಸಮಸ್ಯೆ ಎಲ್ಲಿ ಅಂದರೆ ಹಲಗೆಯಲ್ಲಿ. ಮಳೆ ನಿಂತ ಕೂಡಲೇ, ಹೊಳೆಯಲ್ಲಿ ಹರಿವು ಇರುವಾಗಲೇ, ಎರಡು ಸಾಲು ಹಲಗೆ ಇಳಿಸಿ ನಡುವೆ ಮಣ್ಣು ತುಂಬಿಸಿ ಮೆಟ್ಟಬೇಕು. ಹಲಗೆ ಗೆದ್ದಲು ಹಿಡಿದಿರುತ್ತದೆ, ಕೆಲವು ಕಳವಾಗಿರುತ್ತದೆ, ಟೆಂಡರ್ ಆಗಿ ಹೊಸದು ಬರುವಾಗ ಜನವರಿ. ಆಗ ಹೊಳೆಯಲ್ಲಿ ನೂಲಿನಷ್ಟು ನೀರು. ಅಣೆಕಟ್ಟು ಕಟ್ಟಲಿಕ್ಕೆ ಕೋಟಿಗಟ್ಟಲೆ ಸಿಗುತ್ತದೆ, ಹಲಗೆ ಹಾಕುವ ನಾಲ್ಕು ಜನರ ಕೂಲಿಗೆ ದುಡ್ಡಿಲ್ಲ. ಈಗ ಕೆಲವು ಕಡೆ ಫೈಬರ್ ಹಲಗೆ ಬಂದಿದೆ, ಅದು ಕೊಳೆಯುವುದಿಲ್ಲ, ಹಗುರ. ಬೇಸಿಗೆಯಲ್ಲಿ ಹೊಳೆ ನೀರು ಉಪಯೋಗಿಸುವ ಕಾರ್ಖಾನೆಗಳು ಆ ಹೊಳೆಯ ಮೇಲಿನ ಕಟ್ಟಗಳ ಹಲಗೆ, ಕೂಲಿ ಖರ್ಚು ಕೊಡಲಿ. ಮೇಲೆ ನೀರು ಇಂಗಿದರೆ ಕೆಳಗೆ ಅವರಿಗೂ ಹದಿನೈದು ದಿನ ಜಾಸ್ತಿ ಹರಿಯುತ್ತದೆ.

ಪಾಣೆಮಂಗಳೂರು ತೋಟ

ಇದು ನಿಜವಾದ ಮಾತು. ಇಡೀ ಚರ್ಚೆಯಲ್ಲಿ ನನಗೆ ಇಷ್ಟವಾದದ್ದು ಇದೇ.

ಕುದ್ರೋಳಿ ಹುಡುಗ

ನಾನು ಐಟಿಯವ. ಮಂಗಳೂರು ಸಿಲಿಕಾನ್ ಬೀಚ್ ಆಗಬೇಕು, ಡೇಟಾ ಸೆಂಟರ್ ಬರಬೇಕು ಅಂತ ನಮ್ಮವರಿಗೆಲ್ಲ ಆಸೆ. ನನಗೂ ಉಂಟು, ಕೆಲಸಕ್ಕೆ ಬೆಂಗಳೂರಿಗೆ ಹೋಗುವುದು ತಪ್ಪುತ್ತದೆ. ಆದರೆ ಡೇಟಾ ಸೆಂಟರಿಗೆ ದಿನದ 24 ಗಂಟೆ ಕರೆಂಟ್ ಬೇಕು, ತಂಪು ಮಾಡಲಿಕ್ಕೆ ಬಹಳ ಕಡೆ ನೀರೂ ಬೇಕು. ಬರುವ ಮೊದಲೇ ಷರತ್ತು ಹಾಕಬೇಕು: ತಂಪಿಗೆ ಹೊಳೆ ನೀರು, ಬೋರ್‌ವೆಲ್ ನೀರು ಇಲ್ಲ, ಶುದ್ಧ ಮಾಡಿದ ಕೊಳಚೆ ನೀರು ಅಥವಾ ಕಡಲ ನೀರು ಮಾತ್ರ. ಬಂದು ಕೂತ ಮೇಲೆ ಹಾಕಿದರೆ ಬೇರೆ ಊರಿಗೆ ಹೋಗುತ್ತೇನೆ ಅಂತ ಹೆದರಿಸುತ್ತಾರೆ. ಮೊದಲೇ ಹೇಳಿದರೆ ಅವರ ಖರ್ಚಿನ ಲೆಕ್ಕದಲ್ಲೇ ಅದು ಸೇರುತ್ತದೆ.

ಕದ್ರಿ ಫ್ಲಾಟ್

ಷರತ್ತು ಜಾಸ್ತಿ ಹಾಕಿದರೆ ಯಾರೂ ಬರುವುದಿಲ್ಲ. ನಮ್ಮ ಮಕ್ಕಳು ಗಲ್ಫ್, ಬೆಂಗಳೂರು ಅಂತ ಹೋಗುವುದು ನಿಲ್ಲಬೇಕಾದರೆ ಸ್ವಲ್ಪ ಬಗ್ಗಬೇಕು.

ಬೈಕಂಪಾಡಿ ವರ್ಕ್‌ಶಾಪ್

ಉದ್ಯಮದವನಾಗಿ ಹೇಳುತ್ತೇನೆ, ಷರತ್ತಿಗೆ ಯಾರೂ ಹೆದರುವುದಿಲ್ಲ. ನಡುವಿನಲ್ಲಿ ಬದಲಾಗುವ ಷರತ್ತಿಗೆ ಹೆದರುತ್ತಾರೆ. ಬ್ಯಾಂಕಿನವರೂ ಅಷ್ಟೆ.

ಮಲ್ಪೆ ಬಂದರು

ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಲೈನ್‌ಮ್ಯಾನ್ ಅಣ್ಣ ಹೇಳಿದ ರಿಯಾಯಿತಿಗೆ ಈ ಸಲ ಮೊದಲೇ ಅರ್ಜಿ ಕೊಡುತ್ತೇನೆ, ಬಂದರಿನ ಬೇರೆಯವರಿಗೂ ಹೇಳುತ್ತೇನೆ.

ಒಂದು ಮನವಿ ಬರೆಯುವ ಅಂತ ಉಂಟು. ಮೂರೇ ವಿಷಯ. ಒಂದು, ಡಿಸೆಂಬರಿನಲ್ಲೇ ತುಂಬೆ, ಬಜೆಯ ನೀರಿನ ಮಟ್ಟಕ್ಕೆ ಸರಿಯಾಗಿ ಯಾರಿಗೆ ಯಾವಾಗ ಎಷ್ಟು ಕಡಿತ ಅಂತ ಪ್ರಕಟ ಮಾಡಬೇಕು. ಎರಡು, ದೊಡ್ಡ ಕಾರ್ಖಾನೆಗೆ ಬೇಸಿಗೆಯ ಹೊಳೆ ನೀರಿನ ದರ ಬೇರೆ, ಆ ದುಡ್ಡು ಹಲಗೆಗೆ, ಕಟ್ಟಕ್ಕೆ. ಮೂರು, ಕಡಿತ ಮಾಡುವುದಾದರೆ ಕರೆಂಟ್, ನೀರು ಎರಡಕ್ಕೂ ಹತ್ತು ದಿನ ಮುಂಚಿತ ನೋಟಿಸ್. ಕರೆಂಟಿನ ಭಾಗವನ್ನು ರಾಜ್ಯದ ವಿದ್ಯುತ್ ದರ ನಿಗದಿ ಮಾಡುವ ಆಯೋಗದ (ಕೆಇಆರ್‌ಸಿ) ದರದ ವಿಚಾರಣೆಯಲ್ಲಿ ಆಕ್ಷೇಪ ಅಂತಲೂ ಕೊಡಬಹುದು, ಅಲ್ವಾ?

ನಿವೃತ್ತ ಲೈನ್‌ಮ್ಯಾನ್

ಕೊಡಬಹುದು. ಯಾವ ಬಳಕೆದಾರನೂ ಕೊಡಬಹುದು, ಕನ್ನಡದಲ್ಲೇ ಬರೆಯಿರಿ. ಪ್ರಕಟಣೆ ಬಂದ ಮೇಲೆ ಕೊಟ್ಟ ದಿನದೊಳಗೆ ಕೊಡಬೇಕು, ವಿಚಾರಣೆಯ ದಿನ ಖುದ್ದು ಹೋಗಿ ಮಾತಾಡಬೇಕು. ಪ್ರತಿ ಸಲ ದೊಡ್ಡ ಉದ್ಯಮದ ವಕೀಲರು ಕಾಗದ ಹಿಡಿದು ಬರುತ್ತಾರೆ, ಸಣ್ಣವರು ಬರುವುದಿಲ್ಲ. ಬಿಲ್ಲಿನ ಪ್ರತಿ ಜೊತೆಗೆ ಇಡಿ.

ಶಿರ್ವ ಅಕ್ಕ

ಹೊಗೆ, ಬೂದಿಯ ಅಳತೆಯನ್ನು ಊರಿನ ಪಂಚಾಯತಿನಲ್ಲಿ ಹಾಕಬೇಕು ಅಂತ ನಾಲ್ಕನೆಯದ್ದು ಸೇರಿಸಿ. ನಾನು ಸಹಿ ಸಂಗ್ರಹ ಮಾಡುತ್ತೇನೆ.

ಪಾಣೆಮಂಗಳೂರು ತೋಟ

ನಾನೂ ಬರುತ್ತೇನೆ. ಆದರೆ ಮೊದಲನೆಯ ವಿಷಯದಲ್ಲಿ ಒಂದು ಸಾಲು ಬೇಕು: ನೀರು ಎಷ್ಟೇ ಇಳಿಯಲಿ, ನಗರದ ಕಾರು ತೊಳೆಯುವ ಅಂಗಡಿ, ಈಜುಕೊಳ, ಕಟ್ಟಡದ ಕೆಲಸಕ್ಕೆ ಹೊಳೆ ನೀರು ನಿಂತ ಮೇಲೆಯೇ ತೋಟದ ಪಂಪಿಗೆ ಕೈ ಹಾಕಬೇಕು, ಆಗಲೂ ಮರ ಬದುಕುವಷ್ಟು ಹೊತ್ತು ಕರೆಂಟ್ ಕೊಡಬೇಕು. ಆ ಸಾಲು ಇಲ್ಲದಿದ್ದರೆ ನಮ್ಮ ಕಡೆಯಿಂದ ಒಂದು ಸಹಿಯೂ ಇಲ್ಲ.

ಕದ್ರಿ ಫ್ಲಾಟ್

ಆ ಸಾಲು ನಾನೇ ಬರೆದು ಕಳಿಸುತ್ತೇನೆ. ಫ್ಲಾಟಿಗೊಂದು ಮೀಟರ್ ಅಂತಲೂ ಸೇರಿಸುತ್ತೇನೆ, ನಮ್ಮ ಅಸೋಸಿಯೇಶನಿನಲ್ಲಿ ಅರ್ಧದಷ್ಟು ಜನ ಜಗಳಕ್ಕೆ ಬರುತ್ತಾರೆ, ಬರಲಿ.